ಸಿಕಂದರನ ಮೀನಖಂಡ

ನರೋಣಾ ಊರಿನ ಗರಡಿಯಲ್ಲಿ, ಅಲ್ಲಿಯವರ ಮಾತಿನ ತಾಲೀಮಿನಲ್ಲಿ, ಕಸರತ್ತು ಮುಗಿದ ಮೇಲೂ ಪೈಲ್ವಾನರು ಕೂಡಲೇ ಮನೆಗೆ ಹೋಗುವಂತಿರಲಿಲ್ಲ. ಇಬ್ಬಿಬ್ಬರು ಕೂತು ಒಬ್ಬರ ಮೈಯನ್ನು ಇನ್ನೊಬ್ಬರು ಎಣ್ಣೆ ಹಚ್ಚಿ ತಿಕ್ಕಬೇಕು, ಆಮೇಲೆ ಬಿಸಿನೀರಿನ ಸ್ನಾನ, ಹಾಲು, ನಿದ್ದೆ. "ದಣಿದ ಮೈ ಹಂಗೇ ಬಿಟ್ರ ಮುಂಜಾನಿ ಕಟ್ಟಿಗಿ ಆಗಿರ್ತದ," ಎನ್ನುತ್ತಿದ್ದ ಕುಸ್ತಿ ಕಲಿಸುವ ವಸ್ತಾದ ಲಾಡ್ಲೆಸಾಬ. ಅಷ್ಟು ಹೇಳಿ ಅವನು ಸಂಜೆಯ ನಮಾಜಿಗೆ ಹೊರಟುಬಿಡುತ್ತಿದ್ದ.

ಗೌಡರ ಮಗ ಶಿವರಾಯನ ಜೋಡಿ ಸಿಕಂದರ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ತೂಕ. ಸಿಕಂದರ ಹಗಲೆಲ್ಲ ಅಡತಿ ಅಂಗಡಿಯಲ್ಲಿ ಜೋಳದ ಚೀಲ ಹೊತ್ತು ಬಂದು ಕುಸ್ತಿಗಿಳಿಯುತ್ತಿದ್ದ. ವಸ್ತಾದ ಆಚೆ ಹೋದೊಡನೆ ಶಿವರಾಯ ಬೋರಲು ಮಲಗುತ್ತಿದ್ದ. ಸಿಕಂದರ ಅವನ ಬೆನ್ನು, ತೊಡೆ, ಹಿಮ್ಮಡಿಯವರೆಗೆ ತಿಕ್ಕುತ್ತಿದ್ದ. ತನ್ನ ಸರದಿ ಬಂದಾಗ ಶಿವರಾಯ, "ಅವ್ವ ದಾರಿ ನೋಡಾಕತ್ತಾಳ," ಎಂದು ಅಂಗಿ ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದ. ಸಿಕಂದರ ಈ ಮಾತನ್ನು ಯಾರ ಮುಂದೆಯೂ ಎತ್ತಿದವನಲ್ಲ.

ಅದು ಎಪ್ಪತ್ತೊಂಬತ್ತನೆಯ ಇಸವಿ. ಅಫಜಲಪುರದಲ್ಲಿ ಜಂಗಿ ಕುಸ್ತಿ ಇಟ್ಟಿದ್ದರು. ಹಿಂದಿನ ಸಂಜೆ ಇಬ್ಬರೂ ಕಾಲು ನಡುಗುವಷ್ಟು ಬೈಠಕ್ ಹೊಡೆದಿದ್ದರು. ಉಳಿದವರು ಹೋಗಿಯಾಗಿತ್ತು. ಶಿವರಾಯನ ಮೈ ತಿಕ್ಕಿ ಮುಗಿಸಿದ ಸಿಕಂದರ ಕಾಲು ಚಾಚಿ ಕೂತು ಹೇಳಿದ:

"ಗೌಡ್ರ, ಇವತ್ತೊಂದಿನ ನನ್ನ ಎಡಗಾಲು ತಿಕ್ತೀರೇನ್ರಿ? ಮೀನಖಂಡ ಗಂಟು ಗಂಟು ಆಗ್ಯಾದ. ನನ್ನ ಕೈಲೆ ಜೋರು ಹತ್ತವಲ್ದು."

ಶಿವರಾಯ ನಕ್ಕ. "ನಮ್ಮ ಮನ್ಯಾಗ ಯಾರೂ ಇನ್ನೊಬ್ಬರ ಕಾಲು ಹಿಡದಿಲ್ಲಲೇ."

ಸಿಕಂದರ ತಲೆ ತಗ್ಗಿಸಿ ತನ್ನ ಕಾಲನ್ನು ತಾನೇ ತಿಕ್ಕಿಕೊಳ್ಳತೊಡಗಿದ. ಶಿವರಾಯ ಮನೆಗೆ ಹೋಗಿ ಹಾಲು ಕುಡಿದು ಹಾಯಾಗಿ ನಿದ್ದೆ ಮಾಡಿದ.

ಮರುದಿನ ಶಿವರಾಯನ ಕುಸ್ತಿ ಮೊದಲಿಗೇ ಮುಗಿಯಿತು. ಎದುರಾಳಿಯನ್ನು ಚಿತ್ ಮಾಡಿದ, ಗೆದ್ದವರ ರುಮಾಲು ಸುತ್ತಿಸಿಕೊಂಡ. ಮೈ ಹೂವಿನಷ್ಟು ಹಗುರವಾಗಿತ್ತು. ಆಮೇಲೆ ಸಿಕಂದರ ಮಣ್ಣಿಗಿಳಿದ. ಅವನೂ ಗೆಲ್ಲುವವನೇ ಇದ್ದ. ಎದುರಾಳಿಯ ನಡು ಹಿಡಿದು ಎತ್ತಿದ್ದ. ಎಡಗಾಲಿನ ಮೇಲೆ ಭಾರ ಹಾಕಿ ತಿರುಗಿದಾಗ ಮೀನಖಂಡ ಸೆಟೆದುಕೊಂಡಿತು. ಆದರೂ ಬಿಡಲಿಲ್ಲ. ಹಗ್ಗ ಹರಿದಂಥ ಸದ್ದು ಅಂಚಿನಲ್ಲಿ ನಿಂತಿದ್ದ ಶಿವರಾಯನಿಗೂ ಕೇಳಿಸಿತು. ಸಿಕಂದರ ಚೀರಿ ಬಿದ್ದ, ಎದುರಾಳಿ ಅವನ ಮೇಲೆ ಬಿದ್ದ. ಜನ ಕೇಕೆ ಹಾಕಿದರು. ಶಿವರಾಯ ತಲೆಯ ಮೇಲಿನ ರುಮಾಲು ಬಿಚ್ಚಿ ಕಂಕುಳಲ್ಲಿ ಮುಚ್ಚಿಟ್ಟುಕೊಂಡ. ಊರಿಗೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ನರಳಾಟ ಕೇಳುತ್ತಿತ್ತು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಎಣ್ಣೆಯ ಬಾಟಲಿ ಹಿಡಿದು ಸಿಕಂದರನ ಮನೆಗೆ ಹೋದ. ತಾಯಿ ಖಾಸೀಂಬಿ ಗಡಿಬಿಡಿಯಿಂದ ಜಮಖಾನ ಹಾಸಿದಳು. "ಬರ್ರಿ ಗೌಡ್ರ, ನಮ್ಮಂಥವರ ಮನಿಗಿ ಬಂದೀರಿ," ಎಂದು ಚಹಾ ಇಡಲು ಹೋದಳು. ಒಳಗೆ ಲಾಡ್ಲೆಸಾಬ ಬಾತುಕೊಂಡ ಕಾಲಿಗೆ ತಣ್ಣೀರಿನ ಬಟ್ಟೆ ಸುತ್ತುತ್ತಿದ್ದ. ಶಿವರಾಯ ಕಾಲ ಬಳಿ ಕೂತು ಎಣ್ಣೆಗೈ ಚಾಚಿದ. ವಸ್ತಾದ ಅವನ ಮಣಿಕಟ್ಟು ಹಿಡಿದ.

"ಮುಟ್ಟಬ್ಯಾಡ. ಹರಿದಿದ್ದನ್ನ ತಿಕ್ಕಿದ್ರ ಇನ್ನಷ್ಟು ಹರೀತದ. ಈಗ ತಣ್ಣೀರ ಬಟ್ಟಿ, ಕಾಲು ಎತ್ತರಕ್ಕ ಇಟ್ಟು ಸುಮ್ಮನ ಬಿಡೋದು. ತಿಕ್ಕೋ ಕೆಲಸ ಮೊನ್ನಿ ಸಂಜಿಕ ಇತ್ತು. ತಿಕ್ಕಿದ್ಯೋ ಇಲ್ಲೋ?"

ಶಿವರಾಯ ಕೈ ಹಿಂದಕ್ಕೆಳೆದುಕೊಂಡ.

"ತಿಕ್ಕ್ಯಾರ ವಸ್ತಾದ್," ಎಂದ ಸಿಕಂದರ ಗೋಡೆಯ ಕಡೆ ಮುಖ ಮಾಡಿ. "ಛಲೋ ತಿಕ್ಕ್ಯಾರ."

ಅಷ್ಟರಲ್ಲಿ ಖಾಸೀಂಬಿ ಇದ್ದುದರಲ್ಲೇ ಒಳ್ಳೆಯ ಕಪ್ಪಿನಲ್ಲಿ ಚಹಾ ತಂದಳು. ಆ ಚಹಾ ಕುಡಿಯುವುದು ಶಿವರಾಯನಿಗೆ ವಿಷ ಕುಡಿದಷ್ಟು ಕಷ್ಟವಾಯಿತು. ಕುಡಿದ, ಎದ್ದು ಬಂದ. ಅಂದು ತಾಲೀಮಿಗೆ ಹೋಗಲಿಲ್ಲ. ಊಟಕ್ಕೆ ಕೂತರೆ ಗೋಡೆಗೆ ತಿರುಗಿದ ಆ ಮುಖವೇ ಎದುರಿಗೆ ಬರುತ್ತಿತ್ತು. ಸಿಕಂದರ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ, ಕಾಪಾಡಿದ್ದನ್ನು ತಡೆಯಲಾಗಲಿಲ್ಲ. ಹೊಲದ ಬದುವಿನ ಮೇಲೆ ಒಬ್ಬನೇ ಕೂತು ಅತ್ತ.

ಕೊನೆಗೆ ಮತ್ತೆ ಸಿಕಂದರನ ಮನೆಯ ಬಾಗಿಲಲ್ಲಿ ನಿಂತ. ವಸ್ತಾದನೂ ಅಲ್ಲಿದ್ದ.

"ಅವ ಸುಳ್ಳ ಹೇಳ್ಯಾನ್ರಿ. ನಾ ಒಂದು ದಿನಾನೂ ಅವನ ಮೈ ಮುಟ್ಟಿಲ್ಲ. ಆವತ್ತು ಬಾಯಿಬಿಟ್ಟು ಕೇಳಿದ. ಕಾಲು ಹಿಡಿಯಾಂಗಿಲ್ಲ ಅಂದೆ."

ಖಾಸೀಂಬಿ ಮಗನನ್ನೊಮ್ಮೆ, ಶಿವರಾಯನನ್ನೊಮ್ಮೆ ನೋಡಿ ಒಳಗೆ ಹೋದಳು. ಅಂದು ಚಹಾ ಬರಲಿಲ್ಲ. ಸಿಕಂದರನಿಗೇ ಸಿಟ್ಟು ಬಂದಿತ್ತು: "ಯಾಕ್ರಿ ಹೇಳಿದ್ರಿ? ಜೋಡಿ ಗೆಣಿಯಾನೇ ಕೈ ಬಿಟ್ಟ ಅಂತ ನಮ್ಮವ್ವಗ ಗೊತ್ತಾಗಬಾರದಿತ್ತು."

ಶಿವರಾಯ ಚಪ್ಪಲಿ ಮೆಟ್ಟಿ ಹೊರಟುಹೋದ. ಆದರೂ ದಿನಾ ಹೋದ. ತಣ್ಣೀರು ಸೇದಿ ಕೊಟ್ಟ, ಬಟ್ಟೆ ಹಿಂಡಿದ. ಬಾವು ಇಳಿದು, ಕಾಲು ಊರುವಂತಾದ ಎಷ್ಟೋ ವಾರಗಳ ಮೇಲೆ ವಸ್ತಾದ ಅವನನ್ನು ಕರೆದು ಹದವಾಗಿ ತಿಕ್ಕುವುದನ್ನು ಕಲಿಸಿದ. ಹಿಮ್ಮಡಿಯಿಂದ ಮೇಲಕ್ಕೆ, ಅಂಗೈಯಿಂದ, ನೋವಿನ ಜಾಗ ಬಿಟ್ಟು.

"ಎಮ್ಮಿ ಮೈ ತೊಳದಂಗ ತಿಕ್ಕಬ್ಯಾಡಲೇ ಶಿವರಾಯ," ಎಂದ ಸಿಕಂದರ. ಅವನು ಗೌಡ್ರ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಶಿವರಾಯ ಕೈ ಹಗುರ ಮಾಡಿದ. ಚರ್ಮದ ಕೆಳಗೆ, ಹರಿದು ಕೂಡಿಕೊಂಡ ಜಾಗದಲ್ಲಿ, ಹೆಬ್ಬೆರಳು ಕೂರುವಷ್ಟು ತಗ್ಗು ಉಳಿದಿತ್ತು. ಅದು ತುಂಬುವುದಿಲ್ಲವೆಂದು, ಸಿಕಂದರ ಇನ್ನು ದೊಡ್ಡ ಕುಸ್ತಿಗೆ ಇಳಿಯುವಂತಿಲ್ಲವೆಂದು ವಸ್ತಾದ ಮೊದಲೇ ಹೇಳಿದ್ದ. ಶಿವರಾಯನ ಬೆರಳು ಆ ತಗ್ಗಿನ ಮೇಲೆ ನಿಂತುಬಿಟ್ಟಿತು.

"ಯಾಕ ನಿಂದರ್ಸಿದಿ? ತಿಕ್ಕು," ಎಂದ ಸಿಕಂದರ.