ಕೆಂಪು ಶಾಯಿಯಲ್ಲಿ ಹನ್ನೊಂದು ಇಪ್ಪತ್ತು

ಹನ್ನೊಂದೂವರೆಯಾದರೂ ವಿಮಾನ ನಿಲ್ದಾಣದ ಫಲಕದಲ್ಲಿ ತಂಗಿಯ ವಿಮಾನದ ಸುಳಿವಿಲ್ಲ. ಕೂತಲ್ಲಿ ಕೂರಲಾಗದೆ, ಟಿಕೆಟ್ ಏಜೆಂಟನಾದ ಅಣ್ಣ ಅವಳ ಟಿಕೆಟ್ಟಿನ ಪ್ರತಿ ಹಿಡಿದು ವಿಚಾರಣೆಯ ಕಿಟಕಿಗೆ ಓಡಿದ.

"ಇದು ಒಂದು ಇಪ್ಪತ್ತಕ್ಕಲ್ವಾ ಸಾರ್? ಅಚ್ಚಾಗಿದೆ ನೋಡಿ," ಎಂದಳು ಕಿಟಕಿಯಾಕೆ. "ಪಕ್ಕದಲ್ಲಿ ಹನ್ನೊಂದು ಇಪ್ಪತ್ತು ಅಂತ ಕೆಂಪಲ್ಲಿ ಗೀಚಿರೋ ಪುಣ್ಯಾತ್ಮ ಯಾರು?"

ಆ ಪುಣ್ಯಾತ್ಮ ಅವನೇ. ತಂಗಿಯಿರುವ ದೇಶದ ಗಡಿಯಾರ ಇಲ್ಲಿಗಿಂತ ಎರಡು ಗಂಟೆ ಮುಂದೆ. ಅಲ್ಲಿಗೆ ಹೋಗುವವರ ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನಿಂದ ಎರಡು ಗಂಟೆ ಕಳೆದು, ಮನೆಯವರಿಗೆ ತಿಳಿಯಲೆಂದು ಇಲ್ಲಿನ ಹೊತ್ತನ್ನು ಕೆಂಪು ಶಾಯಿಯಲ್ಲಿ ಬರೆದುಕೊಡುವುದು ಅವನ ಇಪ್ಪತ್ತೆರಡು ವರ್ಷದ ರೂಢಿ. ಆದರೆ ತಂಗಿ ಅಲ್ಲಿಂದ ಇಲ್ಲಿಗೆ ಬರುವವಳು. ಅಚ್ಚಾಗಿದ್ದುದೇ ಇಲ್ಲಿನ ಹೊತ್ತು. ಹಾಳು ಕೈ ತನ್ನಷ್ಟಕ್ಕೆ ತಾನು ಎರಡು ಗಂಟೆ ಕಳೆದುಬಿಟ್ಟಿತ್ತು. ಎರಡು ಸಾವಿರದ ನಾನೂರು ಕಿಲೋಮೀಟರ್ ದೂರ, ಮೂರು ಗಂಟೆ ಹತ್ತು ನಿಮಿಷದ ಹಾದಿ, ಎಲ್ಲ ಅವನಿಗೆ ಬಾಯಿಪಾಠ. ಇಂಥ ಲೆಕ್ಕದಲ್ಲಿ ಎಡವಿದ ಗಿರಾಕಿಗಳನ್ನು ಕಂಡು ಹೊಟ್ಟೆ ಹಿಡಿದು ನಗುತ್ತಿದ್ದ ಮಹಾಶಯ!

ಅಮ್ಮನ ಹೃದಯದ ಆಪರೇಷನ್‌ಗೆ ಡಾಕ್ಟರು ಹನ್ನೆರಡೂವರೆಯೋ ನಾಲ್ಕೋ ಎಂದು ಕೇಳಿದ್ದರು. ಉಳಿಯುವುದು ಕಷ್ಟವೆಂದೂ ಹೇಳಿದ್ದರು. ಜಗಳವಾಡಿ ಹೋದ ಮಗಳೊಂದಿಗೆ ಅಮ್ಮ ಮಾತು ಬಿಟ್ಟು ಆರು ವರ್ಷ. ಈಗ ಅವಳ ಮುಖ ನೋಡದೆ ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು. "ಹನ್ನೆರಡೂವರೆಗೇ ಇಟ್ಕೊಳ್ಳಿ, ಹನ್ನೆರಡಕ್ಕೆಲ್ಲ ತಂಗಿ ಇಲ್ಲಿರ್ತಾಳೆ ಸಾರ್," ಎಂದು ಎದೆಯುಬ್ಬಿಸಿ ಹೇಳಿದವನೂ ಇವನೇ.

ಹೆಂಡತಿಗೆ ಫೋನ್ ಮಾಡಿದ. "ನಾಲ್ಕು ಗಂಟೇದು ಬೇರೆಯವ್ರಿಗೆ ಕೊಟ್ಟಾಯ್ತಂತೆ ಕಣ್ರೀ. ಇನ್ನು ತಡ ಮಾಡೋ ಹಾಗೇ ಇಲ್ವಂತೆ," ಎಂದಳು ಅವಳು.

"ಅಮ್ಮಂಗೆ ಕೊಡು."

ಅಮ್ಮನ ದನಿ ಕೇಳಿದ್ದೇ ಹೇಳಿಬಿಟ್ಟ. "ಅಮ್ಮ, ಲೆಕ್ಕ ತಪ್ಪಿಬಿಟ್ಟೆ. ಪುಟ್ಟಿ ಬರೋದು ಒಂದು ಇಪ್ಪತ್ತಕ್ಕೆ."

ಬೈಗುಳಕ್ಕೆ ಕಾದ.

"ಈಗ ಎಲ್ಲಿದಾಳೆ?"

ಗಡಿಯಾರ ನೋಡಿದ. "ಸಮುದ್ರದ ಮೇಲೆ. ಒಂದು ಸಾವಿರ ಕಿಲೋಮೀಟರ್ ಆಗಿರ್ಬೇಕು."

"ಫೋನ್ ಇಡ್ಬೇಡ. ಹೇಳ್ತಾ ಇರು."

ಕಂಬದಿಂದ ಕಂಬಕ್ಕೆ ಸುತ್ತುತ್ತಾ ಹೇಳಿದ. ಸಾವಿರದ ನೂರು. ಸಾವಿರದ ಇನ್ನೂರು. ಟ್ರಾಲಿ ತಳ್ಳುವವರು ಅವನನ್ನು ಬೈದು ದಾಟಿದರು.

"ಅರ್ಧ ದಾರಿ ಆಯ್ತಮ್ಮ."

"ಅದ್ರಲ್ಲಿ ಊಟ ಕೊಡ್ತಾರೇನೋ?"

"ಕೊಡ್ತಾರೆ."

"ಹೂಂ. ಆಮೇಲೆ?"

ಸಾವಿರದ ಐನೂರು ಎಂದಾಗ ಕೇಳಿಸಿದ್ದು ಹೆಂಡತಿಯ ದನಿ. "ಒಳಗೆ ಕರ್ಕೊಂಡು ಹೋದ್ರು ಕಣ್ರೀ."

ಇನ್ನೂ ಒಂಬೈನೂರು ಬಾಕಿಯಿತ್ತು.

ಒಂದೂವರೆ ದಾಟಿದ ಮೇಲೆ ತಂಗಿ ಕೈಚೀಲವೊಂದನ್ನೇ ಹಿಡಿದು ಓಡಿಬಂದಳು. ಅವನ ಮುಖ ನೋಡಿದ್ದೇ ನಿಂತಳು.

"ತಪ್ಪು ನಂದೇ ಕಣೇ," ಎಂದು ಎಲ್ಲ ಹೇಳಿದ.

"ನನ್ನ ಬಗ್ಗೆ ಏನಾದ್ರೂ ಅಂದ್ಲಾ ಅಣ್ಣ?"

"ಎಲ್ಲಿದಾಳೆ, ಎಲ್ಲಿದಾಳೆ ಅಂತ ಕೇಳ್ತಾನೇ ಇದ್ಲು."

ಟ್ಯಾಕ್ಸಿ ಆಸ್ಪತ್ರೆಗೆ ಹೊರಟಿತು. ತಂಗಿ ಕಿಟಕಿಯಾಚೆ ನೋಡುತ್ತಾ ಕೂತಳು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪ.

"ಇನ್ನೆಷ್ಟು ದೂರ?"

"ಹನ್ನೊಂದು ಕಿಲೋಮೀಟರ್."

ದೀಪ ಹಸಿರಾಯಿತು. ತಂಗಿ ಅವನ ತೋಳು ಹಿಡಿದುಕೊಂಡಳು.

"ಹೇಳ್ತಾ ಇರು," ಎಂದಳು.