ಎರಡನೇ ಕ್ಯಾಮೆರಾ

ಹರಿಪ್ರಿಯಾಳ ಕ್ಯಾಮೆರಾದ ಕೆಂಪು ದೀಪ ಇನ್ನೂ ಹೊತ್ತಿರಲಿಲ್ಲ. ವ್ಯೂಫೈಂಡರಿನ ಮೂಲೆಯಲ್ಲಿ ಸಾಸಿವೆಯಷ್ಟು ಇರುವ ದೀಪ ಅದು. ಹೊತ್ತಿತೆಂದರೆ ಡೈರೆಕ್ಟರ್ ಈ ಕ್ಯಾಮೆರಾದ ಚಿತ್ರವನ್ನು ಆರಿಸಿದ್ದಾಳೆ, ನೋಡುಗರು ಈಗ ನೋಡುತ್ತಿರುವುದು ಇದನ್ನೇ ಎಂದರ್ಥ. ಅವಳ ಬೆನ್ನ ಹಿಂದೆ, ಕಬ್ಬಿಣದ ಅಟ್ಟಣಿಗೆಯ ಮೇಲೆ ಮೊದಲನೇ ಕ್ಯಾಮೆರಾ ನಡೆಸುತ್ತಿದ್ದ ಕೊಲಮ್‌ನ ದೀಪ ಪಂದ್ಯ ಶುರುವಾದಾಗಿನಿಂದ ಆರಿಯೇ ಇರಲಿಲ್ಲ.

ಮೈದಾನದಲ್ಲಿ ಹೆಂಗಸರ ಎರಡು ತಂಡಗಳು ಕೈಯಲ್ಲಿ ಚಪ್ಪಟೆ ಮೂತಿಯ ಮರದ ಕೋಲು ಹಿಡಿದು ಓಡಾಡುತ್ತಿದ್ದವು. ಐರ್ಲೆಂಡಿನ ಹಳೆಯ ಆಟ. ಗಂಡಸರು ಆಡಿದರೆ ಹರ್ಲಿಂಗ್, ಹೆಂಗಸರು ಆಡಿದರೆ ಕಮೋಗಿ. ಎರಡು ತುದಿಯಲ್ಲೂ ಇಂಗ್ಲಿಷಿನ ಎಚ್ ಅಕ್ಷರದಂಥ ಗೋಲುಕಂಬ. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಯೊಳಕ್ಕೆ ಹೋದರೆ ಮೂರು. ಚೆಂಡು ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನ ಗಾತ್ರದ್ದೇ, ಬಣ್ಣ ಮಾತ್ರ ಬಿಳಿ. ಹರಿಪ್ರಿಯಾಳಿಗೆ ಮೋಸವಾದದ್ದು ಅಲ್ಲೇ. ಬೆಂಗಳೂರಿನಲ್ಲಿ ಕ್ರಿಕೆಟ್ ತೆಗೆದ ಕೈ ಅವಳದು. ಚೆಂಡು ಎದ್ದ ಕೂಡಲೇ ಲೆನ್ಸು ತಾನಾಗಿ ಅದರ ಹಿಂದೆ ಹೋಗುತ್ತಿತ್ತು. ಕ್ರಿಕೆಟ್ಟಿನಲ್ಲಿ ಚೆಂಡು ಎಲ್ಲಿಂದ ಹೊರಡುತ್ತದೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಯಾರ ಕೋಲಿನಿಂದ ಯಾವ ಗಳಿಗೆಯಲ್ಲಿ ಹಾರುತ್ತದೋ ಗೊತ್ತಿಲ್ಲ. ಅವಳು ಹುಡುಕಿ ಹಿಡಿಯುವಷ್ಟರಲ್ಲಿ ಚೌಕಟ್ಟಿನೊಳಗೆ ಬರೀ ಆಕಾಶ.

ಕಿವಿಯ ಹೆಡ್‌ಸೆಟ್ಟಿನಲ್ಲಿ ಡೈರೆಕ್ಟರ್ ಗ್ರಾನ್ಯಾಳ ದನಿ ಬಂತು. ಶುರುವಿಗೆ ಅವಳು ಇವಳಿಗೆಂದೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಆಟ ಕಾವೇರಿದಂತೆ ಕೊಲಮ್‌ನೊಂದಿಗೆ ಆಡುವ ಐರಿಷ್‌ಗೆ ಜಾರಿಬಿಡುವಳು, ಎರಡನೇ ಕ್ಯಾಮೆರಾ ನೆನಪಾದಾಗ ಒಂದು ಗಳಿಗೆ ತಡೆದು ಇಂಗ್ಲಿಷಿಗೆ ಬರುವಳು. ಅಷ್ಟರಲ್ಲಿ ಹೇಳಬೇಕಾದದ್ದು ನಡೆದುಹೋಗಿರುತ್ತಿತ್ತು.

ಹರಿಪ್ರಿಯಾ ಕ್ಯಾಮೆರಾ ಮುಟ್ಟಿ ವರ್ಷಗಳೇ ಆಗಿದ್ದವು. ಮೈಸೂರಿನವಳು. ಬೆಂಗಳೂರಿನ ಒಂದು ಕನ್ನಡ ಕ್ರೀಡಾ ಚಾನೆಲ್ಲಿನಲ್ಲಿ ಕೇಬಲ್ ಸುತ್ತುವ ಕೆಲಸಕ್ಕೆ ಸೇರಿ, ನೋಡಿ ನೋಡಿಯೇ ಕಲಿತು, ಕ್ಯಾಮೆರಾದ ಹಿಂದೆ ನಿಂತವಳು. ಕಬಡ್ಡಿ, ಕ್ಲಬ್ ಕ್ರಿಕೆಟ್, ದಸರಾ ಕುಸ್ತಿ ಎಲ್ಲ ತೆಗೆದಿದ್ದಳು. ಗಂಡ ಗಿರಿಧರನಿಗೆ ಜರ್ಮನಿಯ ಫ್ರಾಂಕ್‌ಫರ್ಟ್ ಪಕ್ಕದ ಎಷ್‌ಬಾರ್ನಿನಲ್ಲಿ ಕೆಲಸ ಸಿಕ್ಕಿತು, ಮಗಳೂ ಸೇರಿ ಮೂವರೂ ಇಲ್ಲಿಗೆ ಬಂದರು. ಇಲ್ಲಿ ಕೇಳಿದ ಕಡೆಯೆಲ್ಲ ಆ ಕೆಲಸಕ್ಕೆ ಆಉಸ್‌ಬಿಲ್ಡುಂಗ್, ಅಂದರೆ ವೃತ್ತಿ ತರಬೇತಿ, ಆಗಿರಬೇಕು, ಓದಿದ ಪ್ರಮಾಣಪತ್ರ ಎಲ್ಲಿ ಎಂದರು. ಜರ್ಮನ್ ಕಲಿತಳು, ಅದರ ಪರೀಕ್ಷೆಗಳನ್ನೂ ಪಾಸು ಮಾಡಿದಳು. ಈಗ ಒಂದು ಆಫೀಸ್ ಕಟ್ಟಡದ ರಿಸೆಪ್ಷನ್ನಿನಲ್ಲಿ ಕೂತು ಬಂದವರಿಗೆ ಬ್ಯಾಡ್ಜ್ ಕೊಡುತ್ತಾಳೆ. ಹಳೆಯ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಮಾತು ಬದಲಾಯಿಸುತ್ತಾಳೆ.

ಗುರುವಾರ ಸಂಜೆ ಗಿರಿಧರ್ ಶೂ ಬಿಚ್ಚುತ್ತಲೇ ವಿಷಯ ಹೇಳಿದ್ದ. ಅವನ ಆಫೀಸಿನ ಡೆಕ್ಲನ್ ಫ್ರಾಂಕ್‌ಫರ್ಟಿನ ಐರಿಷ್ ಕ್ರೀಡಾ ಕ್ಲಬ್ಬಿನವನು. ಶನಿವಾರ ಅವರ ಹೆಂಗಸರ ತಂಡಕ್ಕೂ ಬ್ರಸೆಲ್ಸ್ ತಂಡಕ್ಕೂ ಫೈನಲ್. ಅದನ್ನು ನೇರ ಪ್ರಸಾರ ಮಾಡಲು ಐರ್ಲೆಂಡಿನಿಂದ ಐರಿಷ್ ಭಾಷೆಯ ಚಾನೆಲ್ಲಿನ ಪುಟ್ಟ ತಂಡ ಬರುತ್ತಿದೆ. ಎರಡನೇ ಕ್ಯಾಮೆರಾದವನು ಹೊರಡುವ ಮುನ್ನ ಜ್ವರ ಬಂದು ಮಲಗಿದ್ದಾನೆ. ಊಟದ ಹೊತ್ತಿನಲ್ಲಿ ಡೆಕ್ಲನ್ ಪೇಚಾಡುತ್ತಿದ್ದಾಗ ಗಿರಿಧರ್, ನನ್ನ ಹೆಂಡತಿ ಇದ್ದಾಳೆ ಎಂದುಬಿಟ್ಟಿದ್ದ.

ಒಗ್ಗರಣೆಗೆ ಇಟ್ಟಿದ್ದ ಎಣ್ಣೆಯ ಉರಿಯನ್ನು ಹರಿಪ್ರಿಯಾ ಆರಿಸಿದಳು. "ನನ್ನ ಒಂದ್ ಮಾತು ಕೇಳ್ದೆ ಹೇಗೆ ಹೇಳ್ಬಿಟ್ಟೆ, ಗಿರಿ?"

"ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಆ ರಾತ್ರಿ ಅವನಿಗೆ ಬಡಿಸಿಟ್ಟು ಅವಳು ಬೇಗ ಹೋಗಿ ಮಲಗಿದಳು. ಆದರೆ ಮಾರನೆಯ ದಿನ ರಿಸೆಪ್ಷನ್ನಿನಲ್ಲಿ ಕೂತು, ಮೇಜಿನ ಕೆಳಗೆ ಫೋನ್ ಹಿಡಿದು, ಆ ಚಾನೆಲ್ಲಿನ ಹಳೆಯ ಪಂದ್ಯಗಳನ್ನು ನೋಡಿದಳು. ಭಾಷೆ ಒಂದಕ್ಷರ ತಿಳಿಯಲಿಲ್ಲ. ವೀಕ್ಷಕ ವಿವರಣೆಗಾರನ ದನಿ ಏರಿ, ಉಸಿರು ಸಿಕ್ಕಿಕೊಂಡು, ಒಮ್ಮೆಲೇ ಒಡೆಯುವ ಬಗೆ ಮಾತ್ರ ಚೆನ್ನಾಗಿ ಗೊತ್ತಿದ್ದದ್ದೇ. ಸಂಜೆ ಡೆಕ್ಲನ್‌ಗೆ ಅವಳೇ ಮೆಸೇಜು ಹಾಕಿದಳು, ಬರುತ್ತೇನೆ ಎಂದು.

ಈಗ ಅದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಳು. ಮೈದಾನದ ಅಂಚಿನಲ್ಲಿ ಗಿರಿಧರ್, ಒಂಬತ್ತು ವರ್ಷದ ಮಗಳು ಸಿಂಚನಾ ಜಮಖಾನೆ ಹಾಸಿ ಕೂತಿದ್ದರು. ಅತ್ತ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಫ್ರಾಂಕ್‌ಫರ್ಟ್ ತಂಡದ ಹಿಂಬದಿ ಕಾಯುತ್ತಿದ್ದ ಎತ್ತರದ ಹುಡುಗಿಯೊಬ್ಬಳು ನೆಲದ ಮೇಲೆ ಬಂದ ಚೆಂಡಿಗೆ ಕೋಲು ಬೀಸಿ ತಪ್ಪಿದಳು. ಚೆಂಡು ಅವಳ ಕಾಲ ನಡುವೆ ನುಸುಳಿ ಬಲೆ ಸೇರಿತು. ಹರಿಪ್ರಿಯಾಳ ಲೆನ್ಸು ಆಗ ಬಲೆಯ ಮೇಲಿತ್ತು. ತಿರುಗಿಸುವ ಹೊತ್ತಿಗೆ ಆ ಹುಡುಗಿ ಬೆನ್ನು ಮಾಡಿ ನಿಂತಿದ್ದಳು. ಹೆಡ್‌ಸೆಟ್ಟಿನಲ್ಲಿ ಗ್ರಾನ್ಯಾ ಏನೋ ಗೊಣಗಿದಳು. ಅದು ಏನೆಂದು ಯಾರೂ ಅನುವಾದಿಸಬೇಕಿರಲಿಲ್ಲ.

ಅರ್ಧ ಸಮಯದಲ್ಲಿ ಗ್ರಾನ್ಯಾ, ಪರದೆಗಳನ್ನು ನೋಡುತ್ತ ಕೂತಿದ್ದ ಟೆಂಟಿನಿಂದ ಹೊರಬಂದಳು. ಐವತ್ತರ ಆಸುಪಾಸಿನ ಹೆಂಗಸು, ಮೋಟು ಬಿಳಿಗೂದಲು, ಕೈಯಲ್ಲಿ ಚಹಾದ ಲೋಟ. ಬೈಯಲಿಲ್ಲ. ಸಾಕಾಗಿದ್ದರೆ ಹೇಳು, ಒಂದೇ ಕ್ಯಾಮೆರಾದಲ್ಲಿ ಮುಗಿಸೋಣ, ಬೇಜಾರಿಲ್ಲ ಎಂದಳು. ಹಾಗೆ ಮೆತ್ತಗೆ ಹೇಳಿದ್ದೇ ಹರಿಪ್ರಿಯಾಳಿಗೆ ತಾಗಿತು.

ಅವಳಿಗೆ ಬೆಂಗಳೂರಿನ ಡೈರೆಕ್ಟರ್ ಯತಿರಾಜ್ ನೆನಪಾದ. ಪಂದ್ಯಕ್ಕೆ ಮುಂಚೆ ಅವನೂ ಇಂಗ್ಲಿಷಿನಲ್ಲೇ ಪಾಠ ಹೇಳುತ್ತಿದ್ದ. ಆಟ ಬಿಗಿಯಾಯಿತೆಂದರೆ ಅದೆಲ್ಲ ಎಲ್ಲೋ ಹೋಗಿ, ಎಡಕ್ಕೆ ಬಾರಮ್ಮ, ಅವನನ್ನ ಬಿಡಬೇಡ, ಅಲ್ಲೇ ಇರು ಎಂದು ಕನ್ನಡದಲ್ಲೇ ಕಿವಿಯಲ್ಲಿ ಕೂತು ಬಡಬಡಿಸುತ್ತಿದ್ದ. ಆ ಮಾತಿಗೆ ಕೈ ಓಡುತ್ತಿದ್ದ ಹಾಗೆ ಬೇರೆ ಯಾವುದಕ್ಕೂ ಓಡುತ್ತಿರಲಿಲ್ಲ.

ಅವಳು ಗ್ರಾನ್ಯಾಳಿಗೆ ಹೇಳಿದಳು: ನನಗೋಸ್ಕರ ಇಂಗ್ಲಿಷಿಗೆ ಬದಲಾಯಿಸಬೇಡಿ. ನೀವು ತಡೆಯುವ ಆ ಒಂದು ಗಳಿಗೆಯಲ್ಲಿ ನಾನು ತಪ್ಪುತ್ತಿದ್ದೇನೆ. ಬೇಕಾದ ನಾಲ್ಕಾರು ಮಾತು ಈಗಲೇ ಕಲಿಸಿ, ನಿಮ್ಮ ಭಾಷೆಯಲ್ಲೇ ಕೂಗಿ.

ಗ್ರಾನ್ಯಾ ಲೋಟವನ್ನು ನೆಲಕ್ಕಿಟ್ಟಳು. ಎಡಕ್ಕೆ, ಬಲಕ್ಕೆ, ನಿಧಾನ, ಹತ್ತಿರ ಎಂದು ಒಂದೊಂದಾಗಿ ಹೇಳಿಕೊಟ್ಟಳು. ಕೊನೆಗೆ, ಒಬ್ಬಳನ್ನು ಹಿಡಿದಮೇಲೆ ಅವಳ ಜೊತೆಗೇ ಇರು ಎನ್ನುವುದಕ್ಕೆ "ಫಾನ್ ಲೇ" ಎಂದಳು. ಹರಿಪ್ರಿಯಾಳಿಗೆ ನಗು ಬಂತು. ಮೈಸೂರಿನ ತಮ್ಮ ಬೀದಿಯಲ್ಲಿ ಯಾರೋ ಯಾರನ್ನೋ ಲೇ ಎಂದು ಕರೆದಂತಿತ್ತು. ಅಷ್ಟರಲ್ಲಿ ನೀರಿನ ಬಾಟಲಿ ತಂದ ಸಿಂಚನಾ ಪಕ್ಕದಲ್ಲೇ ನಿಂತು ಆ ಮಾತುಗಳನ್ನು ತಾನೂ ಹೇಳಿ ನೋಡಿದಳು. ಅವಳ ಬಾಯಿಗೆ ಅವು ಬೇಗ ಒಗ್ಗಿದವು. ಗ್ರಾನ್ಯಾ ಮೆಚ್ಚಿ, ಅಮ್ಮನ ಜೊತೆ ಯಾವ ಭಾಷೆ ಆಡ್ತೀಯ ಎಂದು ಕೇಳಿದಳು. ಹುಡುಗಿ ಒಂದಿಷ್ಟು ಯೋಚಿಸಿ "ಡಾಯ್ಚ್" ಎಂದಳು, ಜರ್ಮನ್ ಎಂದು.

ಅದು ನಿಜವೇ. ಚಿಕ್ಕವಳಿದ್ದಾಗ ಸಿಂಚನಾ ಕನ್ನಡದಲ್ಲಿ ವಾಕ್ಯ ಶುರುಮಾಡುತ್ತಿದ್ದಳು. ಹರಿಪ್ರಿಯಾ ನಡುವೆಯೇ ತಿದ್ದುತ್ತಿದ್ದಳು, ಬಂತು ಅಲ್ಲ, ಬಂದ್ರು ಅನ್ನು ಎಂದು. ಶಾಲೆಗೆ ಸೇರಿದ ಮೇಲೆ ಹುಡುಗಿ ಶುರು ಮಾಡುವುದನ್ನೇ ಬಿಟ್ಟಳು. ಗ್ರಾನ್ಯಾ ಹುಡುಗಿಯ ತಲೆ ಸವರಿ ಟೆಂಟಿಗೆ ಓಡಿದಳು.

ದ್ವಿತೀಯಾರ್ಧ ಶುರುವಾಯಿತು. ಚೆಂಡಿನ ಹಿಂದೆ ಹೋಗುವ ಕೆಲಸವನ್ನು ಹರಿಪ್ರಿಯಾ ಕೊಲಮ್‌ಗೆ ಬಿಟ್ಟುಕೊಟ್ಟಳು. ಅಷ್ಟು ಸುಲಭವಾಗಿ ಅಲ್ಲ. ಪ್ರತಿಸಲ ಚೆಂಡು ಎದ್ದಾಗಲೂ ಕೈ ಎಳೆಯುತ್ತಿತ್ತು, ಹಿಡಿಕೆಯನ್ನು ಬಿಗಿಯಾಗಿ ಒತ್ತಿ ತಡೆಯಬೇಕಾಗುತ್ತಿತ್ತು. ಗೋಲು ಬಿಟ್ಟಿದ್ದ ಆ ಎತ್ತರದ ಹುಡುಗಿಯನ್ನು ಅವಳು ಆರಿಸಿಕೊಂಡಳು. ಹೆಸರು ಈಫಾ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಎಂದು ಡೆಕ್ಲನ್ ಹೇಳಿದ್ದ. ಚೆಂಡು ಅತ್ತ ತುದಿಯಲ್ಲಿದ್ದಾಗ ಈಫಾ ಹೆಲ್ಮೆಟ್ಟಿನ ಜಾಲರಿಯ ಹಿಂದೆ ತುಟಿ ಕಚ್ಚುತ್ತಿದ್ದಳು, ಕೋಲಿನ ತುದಿಯಿಂದ ಹುಲ್ಲು ಕೆರೆಯುತ್ತಿದ್ದಳು, ಪಕ್ಕದವಳಿಗೆ ಏನೋ ಕೂಗುತ್ತಿದ್ದಳು. ಹತ್ತಿರ ಬಂದಾಗ ಮೊದಲು ಅವಳ ಭುಜ ತಗ್ಗುತ್ತಿತ್ತು. ಆ ಭುಜ ನೋಡಿಕೊಂಡಿದ್ದರೆ ಸಾಕು, ಚೆಂಡು ತಾನಾಗಿ ಚೌಕಟ್ಟಿನೊಳಗೆ ಬರುತ್ತಿತ್ತು.

"ಫಾನ್ ಲೇ," ಎಂದಿತು ಕಿವಿಯ ದನಿ.

ಕೆಂಪು ದೀಪ ಹೊತ್ತಿತು.

ಹರಿಪ್ರಿಯಾ ಲೆನ್ಸನ್ನು ಆ ಭುಜದ ಮೇಲೇ ನಿಲ್ಲಿಸಿದಳು. ಈಫಾ ಇಬ್ಬರ ನಡುವೆ ನುಗ್ಗಿ, ಚೆಂಡನ್ನು ಕೋಲಿನ ಮೇಲೆ ಎತ್ತಿಕೊಂಡು, ದೂರ ಹೊಡೆದು ಕಳಿಸಿದಳು. ದೀಪ ಆರಿತು, ಇನ್ನೊಂದು ನಿಮಿಷಕ್ಕೆ ಮತ್ತೆ ಹೊತ್ತಿತು. ಆಮೇಲೆ ಅವಳು ದೀಪದ ಕಡೆ ನೋಡುವುದನ್ನು ಮರೆತಳು. ಗ್ರಾನ್ಯಾ ಐರಿಷ್‌ನಲ್ಲಿ ಒಂದೇ ಸಮನೆ ಕೂಗುತ್ತಿದ್ದಳು. ಕಲಿತ ಮಾತುಗಳ ನಡುವೆ ಕಲಿಯದ ಮಾತುಗಳೂ ಬಂದವು. ಅವಕ್ಕೂ ಕೈ ಓಡಿತು.

ಕೊನೆಗೆ ಎರಡೂ ತಂಡಗಳು ಸಮ ಆದವು. ರೆಫರಿ ಗಡಿಯಾರ ನೋಡುತ್ತಿದ್ದಾಗ ಎದುರಾಳಿಗಳ ತಪ್ಪಿಗೆ ಫ್ರಾಂಕ್‌ಫರ್ಟ್ ತಂಡಕ್ಕೆ ಮೈದಾನದ ನಡುವಿನಿಂದ ಒಂದು ಫ್ರೀ ಹೊಡೆತ ಸಿಕ್ಕಿತು. ಅಷ್ಟು ದೂರ ಹೊಡೆಯುವ ತೋಳು ಈಫಾಳದೊಂದೇ. ಅವಳು ನಡೆದುಬಂದು, ಬಾಗಿ, ಚೆಂಡನ್ನು ಎಬ್ಬಿಸಿ ಬೀಸಿದಳು. ಅಂಚಿನಲ್ಲಿದ್ದವರ ತಲೆಗಳೆಲ್ಲ ಚೆಂಡಿನ ಹಿಂದೆ ತಿರುಗಿದವು. ಹರಿಪ್ರಿಯಾ ತಿರುಗಲಿಲ್ಲ. ಬೀಸಿದ ಕೋಲು ಹಾಗೇ ಮೇಲೆ ನಿಂತಿತ್ತು, ಕೆಳಗೆ ಈಫಾಳ ಮುಖ. ಕಣ್ಣು ಏರಿತು, ಏರುತ್ತಲೇ ಹೋಯಿತು, ಬಾಯಿ ಅರ್ಧ ತೆರೆಯಿತು. ಆಮೇಲೆ ಆ ಮುಖ ನಗಲಿಲ್ಲ, ಹೊರೆ ಇಳಿಸಿದವರ ಮುಖದಂತೆ ಮೆಲ್ಲಗೆ ಸಡಿಲವಾಯಿತು. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹಾದುಹೋದದ್ದು ಹರಿಪ್ರಿಯಾಳಿಗೆ ತಿಳಿದದ್ದು ಅದರಿಂದಲೇ. ದೀಪ ಹೊತ್ತಿತು. ಸೀಟಿ ಊದಿ, ಜತೆಯ ಹುಡುಗಿಯರು ಓಡಿಬಂದು ಈಫಾಳನ್ನು ಮುಚ್ಚಿಬಿಡುವವರೆಗೂ ಆರಲಿಲ್ಲ.

ಪಂದ್ಯ ಮುಗಿದ ಮೇಲೆ ಸಂದರ್ಶನ. ಕೊಲಮ್ ಅಟ್ಟಣಿಗೆಯಿಂದ ಇಳಿಯಬೇಕಿದ್ದುದರಿಂದ ಅದನ್ನೂ ಹರಿಪ್ರಿಯಾಳೇ ತೆಗೆದಳು. ಗ್ರಾನ್ಯಾ ಈಫಾಳನ್ನೇ ಕರೆಸಿದಳು. ಐರಿಷ್‌ನಲ್ಲಿ ಮಾತಾಡಬೇಕು ಎಂದಾಗ ಆ ಹುಡುಗಿ ಹಿಂದಕ್ಕೆ ಸರಿದಳು. ಶಾಲೆಯಲ್ಲಿ ಓದಿದ್ದಷ್ಟೇ, ಈಗೆಲ್ಲ ಮರೆತಿದೆ, ಮನೆಯವರೆಲ್ಲ ನೋಡುತ್ತಿರುತ್ತಾರೆ, ನಗುತ್ತಾರೆ ಎಂದಳು. ಅಷ್ಟು ಹೊತ್ತು ಮೈಮೇಲೆ ಕೋಲು ಬಿದ್ದರೂ ಅಂಜದಿದ್ದವಳ ಕಿವಿ ಕೆಂಪಾಗಿತ್ತು. ಗ್ರಾನ್ಯಾ ಒತ್ತಾಯ ಮಾಡಲಿಲ್ಲ. ನಿನ್ನ ಹತ್ತಿರ ಎಷ್ಟಿದೆಯೋ ಅಷ್ಟು ಹೇಳು, ಮಿಕ್ಕದ್ದನ್ನು ಇಂಗ್ಲಿಷಿನಲ್ಲಿ ಹೇಳು ಎಂದಳು.

ಈಫಾ ಹೇಳಿದಳು. ತಡವರಿಸಿದಳು, ಒಂದು ಪದಕ್ಕಾಗಿ ಆಕಾಶ ನೋಡಿದಳು, ಇಂಗ್ಲಿಷ್ ಸೇರಿಸಿದಳು, ಮತ್ತೆ ಹಿಂತಿರುಗಿದಳು. ಮೈಕ್ ಹಿಡಿದಿದ್ದ ಗ್ರಾನ್ಯಾ ತಲೆಯಾಡಿಸುತ್ತ ಕಾದಳು. ಹರಿಪ್ರಿಯಾ ಮೆಲ್ಲಗೆ ಹತ್ತಿರಕ್ಕೆ ಹೋದಳು. ಚೌಕಟ್ಟು ತುಂಬ ಆ ಬೆವೆತ ಮುಖ. ಪಕ್ಕದಲ್ಲಿ ಟ್ರೈಪಾಡಿನ ಕಾಲಿಗೆ ಒರಗಿ ನಿಂತಿದ್ದ ಸಿಂಚನಾ ಕಣ್ಣು ಕದಲಿಸದೆ ನೋಡುತ್ತಿದ್ದಳು.

ಸಾಮಾನು ಕಟ್ಟುವಾಗ ಗ್ರಾನ್ಯಾ, ಶರತ್ಕಾಲದಲ್ಲಿ ಮ್ಯೂನಿಕ್‌ನಲ್ಲಿ ಮತ್ತೊಂದು ಪಂದ್ಯಾವಳಿ ಇದೆ, ಎರಡನೇ ಕ್ಯಾಮೆರಾ ನಿನಗೇ ಇಡಲಾ ಎಂದು ಕೇಳಿದಳು. ಹರಿಪ್ರಿಯಾ ಗಂಡನ ಕಡೆ ತಿರುಗದೆ, ಇಡಿ ಎಂದಳು.

ಎಸ್-ಬಾನ್ ರೈಲಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಗಿರಿಧರ್ ಜಮಖಾನೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸತೊಡಗಿದ. ಹರಿಪ್ರಿಯಾಳ ಭುಜ ನೋಯುತ್ತಿತ್ತು. ಎಷ್ಟೋ ಕಾಲದ ಮೇಲೆ ಬಂದ, ಗುರುತಿನ ನೋವು. ಸಿಂಚನಾ ಅವಳ ತೋಳು ಎಳೆದು ಕನ್ನಡದಲ್ಲಿ ಕೇಳಿದಳು.

"ಅಮ್ಮ, ಆ ಈಫಾ ಅಕ್ಕ ಲಾಂಗ್ವೇಜ್ ತಪ್ಪು ಮಾತಾಡಿತು?"

"ಹೂಂ. ಸ್ವಲ್ಪ ತಪ್ಪು ಮಾತಾಡಿದ್ಲಂತೆ."

"ಆದ್ರೂ ಅದು ಟೀವೀಲಿ ಬಂತಾ?"

"ಬಂತು ಪುಟ್ಟಾ. ಎಲ್ಲಾರೂ ನೋಡಿದ್ರು."

ಹುಡುಗಿ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಆಮೇಲೆ ಕೋಲು ಯಾವ ಮರದಿಂದ ಮಾಡೋದು, ಚೆಂಡು ಮುಖಕ್ಕೆ ಬಂತಂದ್ರೆ ನೋಯುತ್ತಾ, ಚಿಕ್ಕೋರಿಗೂ ಆಡಿಸ್ತಾರಾ ಎಂದು ಒಂದೊಂದೇ ಕೇಳತೊಡಗಿದಳು. ಸಿಗದ ಪದಗಳ ಜಾಗದಲ್ಲಿ ಜರ್ಮನ್ ಪದಗಳು ಬಂದು ಕೂತವು. ಹರಿಪ್ರಿಯಾ ತಿದ್ದಲು ಹೋಗದೆ ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ ಡೆಕ್ಲನ್ ಅಂಕಲ್‌ನ ಕೇಳೋಣ ಎಂದಳು.

ರೈಲು ಮೈನ್ ನದಿ ದಾಟುತ್ತಿತ್ತು. ಸಂಜೆಯ ಬಿಸಿಲಿನಲ್ಲಿ ವಿಮಾನವೊಂದು ಹೊಟ್ಟೆ ಹೊಳೆಸುತ್ತ ಏರ್‌ಪೋರ್ಟಿನ ಕಡೆ ಇಳಿಯುತ್ತಿತ್ತು. ಹರಿಪ್ರಿಯಾ ಕಿಟಕಿಯಾಚೆ ಅದನ್ನೇ ನೋಡುತ್ತಿದ್ದಳು. ತೊಡೆಯ ಮೇಲಿದ್ದ ಅವಳ ಬಲಗೈ ಕ್ಯಾಮೆರಾದ ಹಿಡಿಕೆ ಹಿಡಿದಂತೆ ಬೆರಳು ಮಡಿಸಿ, ವಿಮಾನ ಹೋದತ್ತಲೇ, ಒಂದಿಷ್ಟೂ ಅದುರದೆ, ನಿಧಾನವಾಗಿ ಹೊರಳುತ್ತಿತ್ತು.