ನೋಟ್ಸಿನಲ್ಲಿಲ್ಲದ ಸಾಲು

ಇಲಕಲ್ಲಿನ ಆ ಖಾಸಗಿ ಕಾಲೇಜಿನಲ್ಲಿ ಶೈಲಶ್ರೀ ಎಂಟು ವರ್ಷ ರಸಾಯನಶಾಸ್ತ್ರ ಕಲಿಸಿದ್ದಳು. ಎಂಟೂ ವರ್ಷ ಹಂಗಾಮಿ. 2004ರಲ್ಲಿ ಗ್ರೇಡು ಕೊಡುವ ಕಮಿಟಿ ಬರುವುದೆಂದು ಗೊತ್ತಾದದ್ದೇ ತಡ, ಚೇರಮನ್ ಸೋಮಲಿಂಗಪ್ಪ ಮೀಟಿಂಗು ಕರೆದ.

"ಬಾಗಲಕೋಟಿ ಕಾಲೇಜಿನವರು ನಮ್ಮ ಹುಡುಗರನ್ನ ಎಳಕೊಂಡು ಹೊಂಟಾರ. ನಾವೂ ಏನರ ಹೊಸಾದು ಮಾಡಬೇಕು. ನಿಮ್ಮ ತಲಿಯಾಗಿದ್ದದ್ದೆಲ್ಲಾ ನಮ್ಮ ಕಪಾಟಿಗೆ ಬರ್ಲಿ. ಜ್ಞಾನ ಭಂಡಾರ! ನೋಟ್ಸ್ ಕೊಟ್ಟವರಿಗೆ ಕಾಯಂ ಆರ್ಡರು."

ಎರಡು ತಿಂಗಳು ಕೂತು ಶೈಲಶ್ರೀ ಮುನ್ನೂರು ಪುಟ ಬರೆದಳು. ರೇಷ್ಮೆಗೆ ಬಣ್ಣ ಹಾಕಿ ಹಾಕಿ ಕೈ ಕೆಂಪಾಗಿದ್ದ ಅಪ್ಪ ರಾಮಲಿಂಗಪ್ಪ ಪಕ್ಕದಲ್ಲಿ ಕೂತು ನೋಡಿದ.

"ಎಲ್ಲಾ ಬರದಿ ಏನವಾ?"

"ಹೂಂ ಅಪ್ಪಾ."

"ಹುಚ್ಚಿ! ಕಡೀ ಮಾತು ನಾಲಿಗಿ ಮ್ಯಾಲ ಇರಬೇಕು. ಸಾವುಕಾರ ನನ್ನ ಬಣ್ಣದ ಅಳತಿ ಎಲ್ಲಾ ಬರಕೊಂಡು ಹೋದ. ಬಣ್ಣ ನಿಂತಿತೇನು? ಮತ್ತ ನನ್ನ ಹೊಸ್ತಿಲಿಗೇ ಬಂದ."

ಅವಳು ನಕ್ಕಳು. ಆದರೆ ಪ್ರಯೋಗಾಲಯದ ಒಂದು ಪುಟವನ್ನು ಹರಿದು ಮತ್ತೆ ಬರೆದಳು. ಆಮ್ಲ ತೆಳುಮಾಡುವಾಗ ಪ್ರತಿ ತರಗತಿಗೂ ಕೂಗಿ ಹೇಳುತ್ತಿದ್ದ ಸಾಲು ಈಗ ಅದರಲ್ಲಿರಲಿಲ್ಲ. ಹೇಗೂ ನಾನೇ ಪಕ್ಕದಲ್ಲಿ ನಿಂತಿರುತ್ತೇನಲ್ಲ, ಅಂದುಕೊಂಡಳು.

ಕಡತ ಕೊಟ್ಟ ವಾರಕ್ಕೆ ಅವಳನ್ನು ಕೆಲಸದಿಂದ ಬಿಡಿಸಿದರು. ಆ ಕಡತವನ್ನು ಹಿಡಿದು ಅರ್ಧ ಪಗಾರಕ್ಕೆ ಬಂದವಳು ಹುನಗುಂದದ ಭಾಗ್ಯಜ್ಯೋತಿ, ಅವಳದೇ ಹಳೆಯ ಶಿಷ್ಯೆ.

ಹತ್ತನೆಯ ದಿನ, ಭಾಗ್ಯಜ್ಯೋತಿ ಕಡತದಲ್ಲಿದ್ದಷ್ಟನ್ನೇ ಓದಿ ಹೇಳುತ್ತಿದ್ದಾಗ, ಕಮತಗಿಯ ವಿದ್ಯಾರ್ಥಿನಿ ನಜಮಾ ಆಮ್ಲಕ್ಕೆ ನೀರು ಸುರಿದಳು. ಕುದಿದು ಸಿಡಿದ ಆಮ್ಲಕ್ಕೆ ಅವಳ ಒಂದು ಕಣ್ಣು ಹೋಯಿತು.

ಚೇರಮನ್ ಜೀಪು ಕಳಿಸಿ ಶೈಲಶ್ರೀಯನ್ನು ಕರೆಸಿಕೊಂಡ. ಮೇಜಿನ ಮೇಲೆ ಹಾಜರಿ ಪುಸ್ತಕ. ಪಕ್ಕದಲ್ಲಿ ಕಾಯಂ ಆರ್ಡರು.

"ಅವತ್ತು ಲ್ಯಾಬಿನಾಗ ನೀವ ಇದ್ರಿ ಅಂತ ಸಹಿ ಹಾಕ್ರಿ ಮೇಡಮ್. ಹೊಸ ಹುಡುಗಿ ಇದ್ಲು ಅಂದ್ರ ಗ್ರೇಡು ಹೋಗ್ತದ. ಅನುಭವ ಇದ್ದವ್ರ ಕೈಯಾಗ ಆದ್ರ ಅದು ಅಪಘಾತ."

ಅವಳಿಗೆ ದವಾಖಾನೆಯಲ್ಲಿ ಕಂಡ ನಜಮಾಳ ಬ್ಯಾಂಡೇಜು ನೆನಪಾಯಿತು. ಆರ್ಡರಿನ ಕಡೆ ಒಮ್ಮೆ ನೋಡಿದಳು. ಎಂಟು ವರ್ಷ ಕಾದ ಕಾಗದ.

"ನೋಟ್ಸಿನಾಗ ಎಚ್ಚರಿಕಿ ಸಾಲು ನಾ ಬೇಕಂತ ಬಿಟ್ಟೆರಿ. ಆ ಪಾಪ ನಂದು, ಪೊಲೀಸರ ಮುಂದೂ ಹೇಳ್ತೇನಿ. ನಾಲಿಗಿ ಕಿತ್ತೊಗದು ಪುಸ್ತಕ ಇಟಗೊಂಡವ್ರು ನೀವು. ಅದನ್ನೂ ಹೇಳ್ತೇನಿ."

"ಹೊಟ್ಟಿಗೆ ಏನ ತಿಂತೀರಿ?" ಚೇರಮನ್ ನಕ್ಕ.

ಅವಳು ಆರ್ಡರನ್ನು ಅಲ್ಲೇ ಬಿಟ್ಟು ಪ್ರಯೋಗಾಲಯಕ್ಕೆ ನಡೆದಳು. ಅಳುತ್ತ ನಿಂತಿದ್ದ ಭಾಗ್ಯಜ್ಯೋತಿಯ ಕೈಯಿಂದ ಸೀಮೆಸುಣ್ಣದ ಕಡ್ಡಿ ಇಸಿದುಕೊಂಡು ಬಾಗಿಲ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಬರೆದಳು: ನೀರಿಗೆ ಆಮ್ಲ ಹಾಕು, ನಿಧಾನವಾಗಿ. ಆಮ್ಲಕ್ಕೆ ನೀರು ಎಂದೂ ಸುರಿಯಬೇಡ.

ಮೂರನೆಯ ದಿನ ಕಮಿಟಿ ಬಂತು. ಕಪಾಟು ತೆರೆಸಿ ನೋಡಿ, ಮುನ್ನೂರು ಪುಟಗಳನ್ನು ತಿರುವಿ ಮೆಚ್ಚಿತು. ಪ್ರಯೋಗಾಲಯದ ಬಾಗಿಲಿಗೆ ಬಳಿದಿದ್ದ ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ.